ಮಳೆಗಾಲದಲ್ಲಿ ಕುಪ್ಪಳಿಯ ತೊಟ್ಟಿಮನೆ

ತೀರ್ಥಹಳ್ಳಿ–ಕೊಪ್ಪ ದಾರಿಯಲ್ಲಿ ಗಡಿಕಲ್ಲು ಸಿಕ್ಕಿತೆಂದರೆ ಕುಪ್ಪಳಿ ಹತ್ತಿರ. ಕುವೆಂಪು ಹುಟ್ಟಿದ್ದು (1904) ಹಿರೇಕೊಡಿಗೆಯಲ್ಲಾದರೂ ಬೆಳೆದದ್ದು ಇಲ್ಲಿನ ಈ ಮನೆಯಲ್ಲಿ. ಜೀರ್ಣವಾಗಿದ್ದ ಮನೆಯನ್ನು ಕುವೆಂಪು ಪ್ರತಿಷ್ಠಾನ ಹಳೆಯ ರೂಪದಲ್ಲೇ ಎತ್ತಿ ನಿಲ್ಲಿಸಿ ‘ಕವಿಮನೆ’ ಮಾಡಿದೆ. ಪ್ರವಾಸಿಗರು ಡಿಸೆಂಬರಿನಲ್ಲಿ ಮುಗಿಬೀಳುತ್ತಾರೆ. ನೋಡಬೇಕಾದದ್ದು ಜುಲೈನಲ್ಲಿ, ಜಡಿಮಳೆ ಹಿಡಿದಾಗ.

ಹೆಬ್ಬಾಗಿಲು ದಾಟಿದರೆ ತೊಟ್ಟಿ, ನಡುವೆ ತುಳಸಿಕಟ್ಟೆ. ನಾಲ್ಕೂ ಕಡೆಯ ಮಾಡಿನ ನೀರು ಧೋ ಎಂದು ಅಂಗಳಕ್ಕೆ ಬೀಳುತ್ತದೆ, ಜಗುಲಿಯಲ್ಲಿ ಕೂತವರಿಗೆ ಇರಚಲು ಮಾತ್ರ. ಅಂಗಳ ಜಗುಲಿಗಿಂತ ತಗ್ಗಿನಲ್ಲಿರುವುದು ಇದಕ್ಕೇ. ಇಂಥ ಮನೆ ಸೋರುವುದು ಎರಡು ಮಾಡು ಕೂಡುವ ಒಳಮೂಲೆಗಳಲ್ಲಿ. ಅಲ್ಲಿ ದರಗು, ಅಂದರೆ ಒಣಗಿದೆಲೆ, ಕಟ್ಟಿಕೊಂಡರೆ ನೀರು ಹೆಂಚಿನಡಿಗೆ ಹಿಮ್ಮೊಗವಾಗಿ ನುಗ್ಗುತ್ತದೆ. ಮೊದಲು ಹೆಂಚು ಕೂರುವ ಪಟ್ಟಿ, ಅಂದರೆ ರೀಪು ಕೊಳೆಯುತ್ತದೆ, ಆಮೇಲೆ ಅದನ್ನು ಹೊತ್ತ ಪಕಾಸಿ. ಕೆಳಗಿನಿಂದ ಕಪ್ಪು ಕಲೆ ಕಾಣುವ ಹೊತ್ತಿಗೆ ಮರ ಹೋಗಿಯೇ ಆಗಿರುತ್ತದೆ. ಅದಕ್ಕೇ ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸುವುದು, ಒಡೆದದ್ದನ್ನು ಬದಲಿಸುವುದು. ಒಂದು ವರ್ಷ ತಪ್ಪಿದರೂ ಖರ್ಚು ದುಪ್ಪಟ್ಟು.

ಕೆತ್ತನೆಯ ಕಂಬಗಳನ್ನು ಎಲ್ಲರೂ ಕತ್ತೆತ್ತಿ ನೋಡುತ್ತಾರೆ, ಬುಡ ನೋಡುವವರಿಲ್ಲ. ಮಲೆನಾಡಿನ ಬಡಗಿ ಕಂಬವನ್ನು ಮಣ್ಣಿಗೆ ಊರುವುದಿಲ್ಲ, ಕಲ್ಲಿನ ಮೇಲೆ ಕೂರಿಸುತ್ತಾನೆ. ನೆಲದ ಪಸೆ ಮರಕ್ಕೆ ಏರುವುದಿಲ್ಲ. ಒರಲೆ (ಗೆದ್ದಲು) ಹತ್ತಬೇಕಾದರೆ ಕಲ್ಲಿನ ಮೇಲೆ ಮಣ್ಣಿನ ಗೆರೆ ಎಳೆದೇ ಬರಬೇಕು, ಆಗ ಕಣ್ಣಿಗೆ ಬೀಳುತ್ತದೆ.

ಮ್ಯೂಸಿಯಂ ಆದ ಮೇಲೆ ಇಂಥ ಮನೆಗಳಿಗೆ ತಪ್ಪುವುದು ಹೊಗೆ. ಅಡುಗೆಮನೆಯ ಒಲೆ, ಬಚ್ಚಲಿನ ಹಂಡೆಯ ಒಲೆ ದಿನವೂ ಉರಿದು ತೊಲೆ-ಜಂತಿಗಳಿಗೆ ಇಲ್ಲಣ, ಅಂದರೆ ಹೊಗೆಯ ಮಸಿ, ಹಿಡಿಸುತ್ತಿದ್ದವು. ಆಗ ಹುಳುವೂ ಇಲ್ಲ, ಬೂಷ್ಟೂ ಇಲ್ಲ. ಒಲೆ ಆರಿದ ಮನೆಗೆ ಗೇರೆಣ್ಣೆ ಬಳಿಯಬೇಕು, ಬಿಸಿಲು ಬಂದ ದಿನ ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಡಬೇಕು. ಅಷ್ಟಾದರೂ ಆಷಾಢದಲ್ಲಿ ಮುಗ್ಗುಲು ವಾಸನೆ ಬಂದೇ ಬರುತ್ತದೆ.

ಕುವೆಂಪು ಅವರ ಮದುವೆಯ ಮಂಟಪ, ಬೇಸಾಯದ ಸಾಮಾನು, ಅಡುಗೆಮನೆಯ ಪಾತ್ರೆಗಳು ಚೆನ್ನ. ಗಾಜಿನ ಪೆಟ್ಟಿಗೆ ಸೇರಿದ ವಸ್ತುಗಳಿಗೆ ಆ ಜೀವವಿಲ್ಲ. ಮೆತ್ತಿನಿಂದ, ಅಂದರೆ ಮಹಡಿಯಿಂದ, ಕಾಣುವ ಕಾಡನ್ನು ನೋಡಲು ಹತ್ತು ನಿಮಿಷ ಇಟ್ಟುಕೊಳ್ಳಿ. ಒಳಗೆ ಫೋಟೋ ತೆಗೆಯುವಂತಿಲ್ಲ, ಮರದ ಜೋಡಣೆ ಕಲಿಯಲು ಬಂದವರು ಪುಸ್ತಕ-ಪೆನ್ಸಿಲ್ ತರಬೇಕು.

ಮನೆಗೆ ಹತ್ತಿರದ ಗುಡ್ಡ ಕವಿಶೈಲದ ಬಂಡೆ ಮಳೆಯಲ್ಲಿ ಪಾಚಿಗಟ್ಟಿ ಜಾರುತ್ತದೆ, ಚಪ್ಪಲಿ ನಂಬಬೇಡಿ. ಇಂಬಳಕ್ಕೆ (ಕಾಡಿನ ಜಿಗಣೆಗೆ) ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲಿಗೆ ಸವರಿಕೊಂಡೇ ಹತ್ತಿ.