ಎಡಕ್ಕೆ ಮಾತ್ರ ಸುತ್ತುತ್ತಿದ್ದ ಕಾರು

ಮೂರು ಭಾನುವಾರದಿಂದ ಇದೇ ಗೋಳು. ನನ್ನ 1/10 ಅಳತೆಯ ಆರ್‌ಸಿ (ರಿಮೋಟ್‌ನಿಂದ ಓಡಿಸುವ) ಪುಟ್ಟ ರೇಸ್ ಕಾರು ಬಲಕ್ಕೆ ಚೆನ್ನಾಗಿ ತಿರುಗುತ್ತಿತ್ತು. ಎಡಕ್ಕೆ ತಿರುಗಿಸಿದರೆ ಹಿಂಭಾಗ ಜಾರಿ ಗಿರ್ರನೆ ಸುತ್ತುತ್ತಿತ್ತು. ಟೈರ್ ಬದಲಿಸಿದೆ, ಶಾಕ್ ಅಬ್ಸಾರ್ಬರ್ ಒಳಗಿನ ಆಯಿಲ್ ಬದಲಿಸಿದೆ. ಊಹೂಂ.

ಇವತ್ತು ಜಯನಗರದ ಮನೆಯಲ್ಲಿ ಅಡುಗೆಮನೆಯ ಗ್ರಾನೈಟ್ ಕಟ್ಟೆ ಒರೆಸಿ ಕಾರು ಇಟ್ಟೆ. ಮುಂದಿನ ಬಂಪರ್‌ನ ಸರಿಯಾಗಿ ನಡುವಿಗೆ ಚಾಕುವಿನ ತುದಿ ಕೊಟ್ಟು ಮೆಲ್ಲಗೆ ಎತ್ತಿದೆ. ಎರಡೂ ಚಕ್ರ ಒಟ್ಟಿಗೆ ಏಳಬೇಕು, ಅಲ್ವಾ? ಬಲಗಡೆಯದು ಮೊದಲು ಎದ್ದಿತು. ಚಾಸಿಸ್, ಅಂದರೆ ಕಾರಿನ ಅಡಿಚೌಕಟ್ಟು, ತಿರುಚಿಕೊಂಡಿತ್ತು! ಅದರ ಮೇಲಿನ ಡೆಕ್‌ನ (ಮೇಲ್ತಟ್ಟೆಯ) ಸ್ಕ್ರೂಗಳನ್ನೆಲ್ಲ ಸಡಿಲಿಸಿ, ಕಲ್ಲಿಗೆ ಒತ್ತಿ ಹಿಡಿದು ಮತ್ತೆ ಬಿಗಿದೆ. ಈಗ ಎರಡೂ ಒಟ್ಟಿಗೆ ಏಳುತ್ತವೆ.

ಮಂಚ ಅಲ್ಲಾಡಿದರೆ ಕಾಲಿಗೆ ರಟ್ಟು ಕೊಡುವ ಮುಂಚೆ ನೆಲ ನೋಡು ಅನ್ನುತ್ತಿದ್ದರು ಅಪ್ಪ. ಅವರ ನೆನಪು ತುಂಬಾ ಬಂತು.

ಸಂಜೆ ಮಳೆ ಬರದಿದ್ದರೆ ಓಡಿಸಬೇಕು.