ಟೀ ಶರ್ಟ್ ಮೇಲೆ ಒಡೆದುಹೋದ ‘ಆಯ್ತಾ’

ಕಳೆದ ಅಕ್ಟೋಬರ್ 29, ಬುಧವಾರ. ಬೆಳಿಗ್ಗೆ 10.20ಕ್ಕೆ ಆಫೀಸಿನ ವಾಟ್ಸಾಪ್ ನಂಬರಿಗೆ ಒಂದು ಫೋಟೋ ಬಂತು. ದಾವಣಗೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಟೀ ಶರ್ಟನ್ನು ಮಂಚದ ಮೇಲೆ ನೀಟಾಗಿ ಹರಡಿ ಫೋಟೋ ತೆಗೆದಿದ್ದರು. ಕೆಳಗೆ ಒಂದೇ ಸಾಲು: ‘ನೋಡಮ್ಮಾ, ಇದನ್ನ ಹೇಗೆ ಓದೋದು?’

ಜೂಮ್ ಮಾಡಿ ನೋಡಿದೆ. ಶರ್ಟ್ ಮೇಲೆ ಇರಬೇಕಾದದ್ದು ‘ಊಟ ಆಯ್ತಾ?’. ‘ಊಟ ಆ’ ತನಕ ಸರಿಯಾಗಿತ್ತು. ಆಮೇಲೆ ತಲೆಕಟ್ಟು ಹೊತ್ತ ‘ಯ’. ಅದರ ಪಕ್ಕ ಅರ್ಧಾಕ್ಷರದ ಚಿಹ್ನೆ ಒಂಟಿಯಾಗಿ ಗಾಳಿಯಲ್ಲಿ ನಿಂತಿತ್ತು. ‘ತ’ ಒತ್ತಾಗಿ ಕೆಳಗಿಳಿಯದೆ ಸಾಲಿನಲ್ಲೇ ಕೂತಿತ್ತು. ‘ಯ’ಕ್ಕೆ ಅಂಟಬೇಕಿದ್ದ ದೀರ್ಘ ಎಲ್ಲಕ್ಕಿಂತ ಕೊನೆಗೆ, ಯಾರಿಗೂ ಸೇರದ ಹಾಗೆ ಬಿದ್ದಿತ್ತು. ಹಳದಿ ಬಟ್ಟೆ, ಕೆಂಪು ಅಕ್ಷರ, ರಾಜ್ಯೋತ್ಸವಕ್ಕೆ ಇನ್ನು ಮೂರೇ ದಿನ.

ನಮ್ಮದು ಬೆಂಗಳೂರಿನಲ್ಲಿ ಏಳು ಜನರ ಚಿಕ್ಕ ಆಫೀಸು. ಕನ್ನಡದಲ್ಲಿ ಅಡುಗೆ ಮತ್ತು ಊರೂರಿನ ಊಟದ ಬಗ್ಗೆ ವಿಡಿಯೋ ಮಾಡುತ್ತೇವೆ. ಶೋ ನಡೆಸುವ ಅಕ್ಕ ಪ್ರತಿ ಸಲ ‘ಊಟ ಆಯ್ತಾ?’ ಅಂತ ಕೇಳಿಯೇ ಶುರುಮಾಡುವುದು. ಮರ್ಚಂಡೈಸ್, ಅಂದ್ರೆ ಶೋ ಹೆಸರಿನ ಟೀ ಶರ್ಟ್, ಮಗ್ ಮಾರಾಟ ನೋಡಿಕೊಳ್ಳುವುದು ನನ್ನ ಕೆಲಸ.

ಹಿಂದಿನ ವರ್ಷ ಸುಲ್ತಾನ್‌ಪೇಟೆಯಲ್ಲಿ ಒಬ್ಬರ ಹತ್ತಿರ ಸ್ಕ್ರೀನ್ ಪ್ರಿಂಟ್ ಹಾಕಿಸಿದ್ದೆವು. ಕೆಲಸ ಬಹಳ ಚೆನ್ನಾಗಿತ್ತು, ಇವತ್ತಿಗೂ ಆ ಬಣ್ಣ ಹೋಗಿಲ್ಲ. ಆದರೆ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್, ಕಡಿಮೆ ಅಂದ್ರೂ ನೂರು ಪೀಸ್. ಸೈಜ್ ಅಂದಾಜು ತಪ್ಪಿತು. ಎಲ್, ಎಕ್ಸ್ಎಲ್ ಒಂದೇ ವಾರಕ್ಕೆ ಖಾಲಿ, ಸ್ಮಾಲ್ ಮಾತ್ರ ಎರಡು ಡಬ್ಬ ಮೆಟ್ಟಿಲ ಕೆಳಗೆ ಉಳಿಯಿತು. ಖರ್ಚಿಗೆ ಒಪ್ಪಿಗೆ ಕೊಡುವ ನಮ್ಮ ಸರ್ ಅದನ್ನು ನೋಡಿದಾಗಲೆಲ್ಲ ‘ಇನ್ಮೇಲೆ ಸ್ಟಾಕ್ ಇಡೋದು ಬೇಡ’ ಅನ್ನುತ್ತಿದ್ದರು. ಹಾಗಾಗಿ ಈ ಸಲ ಪ್ರಿಂಟ್ ಆನ್ ಡಿಮ್ಯಾಂಡ್. ಆರ್ಡರ್ ಬಂದ ಮೇಲೆ ಒಂದೊಂದೇ ಪ್ರಿಂಟ್ ಆಗಿ, ನಮ್ಮ ಹೆಸರಿನ ಕವರ್‌ನಲ್ಲಿ ಅಲ್ಲಿಂದಲೇ ಹೋಗುತ್ತದೆ.

ಸರ್ವಿಸ್ ಹುಡುಕಲು ಎರಡು ತಿಂಗಳು ಹಿಡಿಯಿತು. ಪ್ರಿಂಟ್‌ಫುಲ್, ಪ್ರಿಂಟಿಫೈ ಎರಡನ್ನೂ ನೋಡಿದೆ. ಎರಡೂ ಲಾಟ್ವಿಯಾದಲ್ಲಿ ಹುಟ್ಟಿದ ಕಂಪನಿಗಳು, 2024ರಲ್ಲಿ ಒಂದಾಗುವುದಾಗಿ ಹೇಳಿದವು. ಅಮೆರಿಕದಲ್ಲಿರುವ ನಮ್ಮವರಿಗೆ ಕಳಿಸಲು ಅವು ಸರಿ. ಹಾಸನಕ್ಕೋ ಹುಬ್ಬಳ್ಳಿಗೋ ಒಂದು ಟೀ ಶರ್ಟ್ ಕಳಿಸಲು ಆಗುವ ಮಾತಲ್ಲ. ಉಳಿದದ್ದು ನಮ್ಮ ದೇಶದವು. ಬನಿಯನ್ ಬಟ್ಟೆ ಅಂದ್ರೆ ತಮಿಳುನಾಡಿನ ತಿರುಪ್ಪೂರು, ಆದ್ದರಿಂದ ಆ ಕಡೆಯವರನ್ನೇ ಜಾಸ್ತಿ ವಿಚಾರಿಸಿದೆ.

ಎಕ್ಸೆಲ್ ಶೀಟ್ ಮಾಡಿದೆ. ಬೇಸ್ ಪ್ರೈಸ್, ಜಿಎಸ್ಎಂ (ಚದರ ಮೀಟರ್ ಬಟ್ಟೆಯ ತೂಕ), ಶಿಪ್ಪಿಂಗ್, ಸಿಒಡಿ (ಪಾರ್ಸೆಲ್ ಕೈಸೇರಿದಾಗ ದುಡ್ಡು ಕೊಡುವುದು) ಚಾರ್ಜು, ಆರ್‌ಟಿಒ (ಪಾರ್ಸೆಲ್ ತಲುಪದೆ ವಾಪಸ್) ಆದರೆ ಯಾರ ತಲೆಗೆ, ಅವರ ವಾಲೆಟ್‌ನಲ್ಲಿ ಮುಂಗಡವಾಗಿ ಕನಿಷ್ಠ ಎಷ್ಟು ಇಡಬೇಕು, ಬಟ್ಟೆ ಮೇಲೆ ನೇರವಾಗಿ ಮುದ್ರಿಸುವ ಡಿಟಿಜಿನೋ, ಫಿಲ್ಮ್ ಮೇಲೆ ಮುದ್ರಿಸಿ ಬಟ್ಟೆಗೆ ಅಂಟಿಸುವ ಡಿಟಿಎಫ್ಫೋ. 2025ರ ಸೆಪ್ಟೆಂಬರ್ 22ರಿಂದ ₹2,500ರ ತನಕದ ಬಟ್ಟೆಗೆ ಜಿಎಸ್‌ಟಿ ಶೇ 5 ಆಯಿತಲ್ಲ, ಹಾಗಾಗಿ ಹುಡೀ ಲೆಕ್ಕವನ್ನೂ ಮತ್ತೆ ಹಾಕಿದೆ. ಮೊದಲು ₹1,000 ದಾಟಿದರೆ ಶೇ 12 ಇತ್ತು. ಹದಿಮೂರು ಕಾಲಂ ಇದ್ದ ಆ ಶೀಟ್‌ನಲ್ಲಿ ‘ಕನ್ನಡ ಸರಿಯಾಗಿ ಪ್ರಿಂಟ್ ಆಗುತ್ತಾ?’ ಅನ್ನುವ ಕಾಲಂ ಇರಲಿಲ್ಲ. ಬೇರೆ ಯಾರೂ ಅದನ್ನು ಕೇಳಲಿಲ್ಲ, ನಾನೂ ಹಾಕಲಿಲ್ಲ.

ಸ್ಯಾಂಪಲ್ ತರಿಸಿದ್ದೆವು. ಮೂರು ಕಡೆಯಿಂದ, ಒಂದೊಂದು. ಹತ್ತು ಸಲ ಒಗೆದು ನೋಡಿದೆ. ಒಬ್ಬರ ಡಿಟಿಎಫ್ ಪ್ರಿಂಟು ಎದೆ ಮೇಲೆ ಪ್ಲಾಸ್ಟಿಕ್ ಅಂಟಿಸಿದ ಹಾಗೆ ದಪ್ಪ, ಬೆವರುತ್ತದೆ. ಇನ್ನೊಬ್ಬರ ಡಿಟಿಜಿಯಲ್ಲಿ ಕೆಂಪು ಎರಡೇ ಒಗೆತಕ್ಕೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮೂರನೆಯವರದು ಮೆತ್ತಗೆ, ಅಂಚು ಚೂಪು, 180 ಜಿಎಸ್ಎಂ ಬಯೋವಾಷ್ ಬಟ್ಟೆ. ಒತ್ತಕ್ಷರ ಎಲ್ಲ ಸರಿಯಾಗಿತ್ತು. ಅವರನ್ನೇ ಹಿಡಿದೆವು. ಅಕ್ಕನೂ ಸ್ಯಾಂಪಲ್ ಹಾಕಿಕೊಂಡು ಖುಷಿಪಟ್ಟರು.

ತಪ್ಪಾದದ್ದು ಆಮೇಲೆ. ಆ ಸ್ಯಾಂಪಲ್‌ನಲ್ಲಿ ಪ್ರಶ್ನೆ ಚಿಹ್ನೆ ಇರಲಿಲ್ಲ. ಸುಮ್ನೆ ‘ಊಟ ಆಯ್ತಾ’ ಅಂತಿತ್ತು. ಅಕ್ಟೋಬರ್ 22ರ ಸಂಜೆ ಅಕ್ಕ ಫೋನ್ ಮಾಡಿ, ‘ಪ್ರಶ್ನೆ ಚಿಹ್ನೆ ಇಲ್ದಿದ್ರೆ ಊಟ ಮುಗೀತು ಅಂದಂಗೆ ಕಾಣತ್ತೆ ಕಣೇ, ಹಾಕ್ಸು’ ಅಂದರು. ನ್ಯಾಯವಾದ ಮಾತೇ. ಆದರೆ ಅವತ್ತು ಬಲಿಪಾಡ್ಯಮಿ. ಡಿಸೈನರ್ ಹಬ್ಬಕ್ಕೆ ಅಂತ ಶಿರಸಿಗೆ ಹೋಗಿದ್ದರು, ಲ್ಯಾಪ್‌ಟಾಪ್ ಬೆಂಗಳೂರಿನ ರೂಮಿನಲ್ಲಿತ್ತು. ಶುಕ್ರವಾರ ಬೆಳಿಗ್ಗೆ ಆರ್ಡರ್ ತೆರೆಯಬೇಕು. ಹಬ್ಬದ ದಿನ ಅವರಿಗೆ ತೊಂದರೆ ಕೊಡುವುದು ಬೇಡ ಅನ್ನಿಸಿತು.

ಆ ಸರ್ವಿಸಿನ ವೆಬ್‌ಸೈಟಿನಲ್ಲೇ ಒಂದು ಡಿಸೈನ್ ಟೂಲ್ ಇದೆ. ಅಲ್ಲಿನ ಫಾಂಟ್ ಪಟ್ಟಿಯಲ್ಲಿ ನಮ್ಮ ಡಿಸೈನರ್ ಬಳಸಿದ್ದ ‘ಬಲೂ ತಮ್ಮ’ ಅನ್ನುವ ಫಾಂಟೇ ಇತ್ತು. ಅವರು ಚಿತ್ರವಾಗಿ ಮಾಡಿಕೊಟ್ಟಿದ್ದ ಪಿಎನ್‌ಜಿ ಫೈಲನ್ನು ತೆಗೆದುಹಾಕಿ, ಟೂಲ್ ಒಳಗೇ ‘ಊಟ ಆಯ್ತಾ?’ ಅಂತ ಟೈಪ್ ಮಾಡಿದೆ. ಪ್ರಿವ್ಯೂನಲ್ಲಿ ಒಬ್ಬ ಹುಡುಗ ಅದನ್ನು ಹಾಕಿಕೊಂಡು ನಗುತ್ತಿದ್ದ. ಒತ್ತು, ದೀರ್ಘ, ಪ್ರಶ್ನೆ ಚಿಹ್ನೆ ಎಲ್ಲ ಅದರದರ ಜಾಗದಲ್ಲಿ. ಅಪ್ರೂವ್ ಒತ್ತಿದೆ. ಐದು ನಿಮಿಷದ ಕೆಲಸ. ಸ್ಯಾಂಪಲ್ ಹೇಗೂ ಪಾಸ್ ಆಗಿದೆ, ಒಂದು ಚಿಹ್ನೆ ತಾನೇ ಸೇರಿದ್ದು ಅಂದುಕೊಂಡೆ.

ಈಗ ಗೊತ್ತಾಗಿರುವುದು ಇದು. ಯೂನಿಕೋಡ್‌ನಲ್ಲಿ ‘ಯ್ತಾ’ ಅನ್ನುವುದಕ್ಕೆ ಒಂದೇ ಕೋಡ್ ಇಲ್ಲ. ಯ, ಹಲಂತ, ತ, ದೀರ್ಘ ಅಂತ ನಾಲ್ಕು ಬಿಡಿ ಕೋಡ್‌ಗಳು ಸಾಲಾಗಿ ಇರುತ್ತವೆ. ಅವನ್ನು ಜೋಡಿಸಿ ಒತ್ತು ಕೆಳಗೆ, ದೀರ್ಘ ಮೇಲೆ ಅಂತ ಕೂರಿಸುವುದು ಶೇಪಿಂಗ್ ಎಂಜಿನ್. ನನ್ನ ಬ್ರೌಸರಿನಲ್ಲಿ ಅದು ಇದೆ, ಅದಕ್ಕೇ ಪ್ರಿವ್ಯೂ ಸರಿಯಾಗಿ ಕಂಡಿತು. ಆದರೆ ಪ್ರೆಸ್‌ಗೆ ಹೋಗುವ ಫೈಲು ತಯಾರಾಗುವುದು ಅವರ ಸರ್ವರಿನಲ್ಲಿ. ಅಲ್ಲಿನ ಪ್ರೋಗ್ರಾಂಗೆ ಕನ್ನಡ ಜೋಡಿಸಲು ಬರುತ್ತಿರಲಿಲ್ಲ. ಇಂಗ್ಲಿಷ್ ಹಾಗೆ ಒಂದರ ಪಕ್ಕ ಒಂದು ಇಟ್ಟಿತು. ಮೊದಲ ಸ್ಯಾಂಪಲ್ ಸರಿ ಬಂದದ್ದು ಅದು ಚಿತ್ರವಾಗಿ ಹೋಗಿದ್ದರಿಂದ. ಪ್ರೆಸ್ಸಿನಲ್ಲಿ ಕೆಲಸ ಮಾಡುವ ಹುಡುಗರಿಗೆ ಕನ್ನಡ ಓದಲು ಬಾರದು. ಅವರು ಅಳತೆ, ಬಣ್ಣ, ಕಲೆ ಎಲ್ಲ ನೋಡಿಯೇ ಪ್ಯಾಕ್ ಮಾಡಿದ್ದಾರೆ. ಅವರ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ.

ಬುಧವಾರದ ಬೆಳಿಗ್ಗೆಗೆ ವಾಪಸ್ ಬರುತ್ತೇನೆ. ಯಾಕಂದ್ರೆ ನನ್ನನ್ನು ಇವತ್ತಿಗೂ ಕಾಡುವುದು ಆ ನಲವತ್ತು ನಿಮಿಷ.

ಒಟ್ಟು 64 ಆರ್ಡರ್ ಬಂದಿತ್ತು. 23 ಹೊರಟುಹೋಗಿತ್ತು. 41 ಇನ್ನೂ ‘ಪ್ರಾಸೆಸಿಂಗ್’. ಅವರ ಬ್ಯಾಚ್ ಮೆಷಿನ್ನಿಗೆ ಹೋಗುವುದು 11 ಗಂಟೆಗೆ, ಆಮೇಲೆ ಕ್ಯಾನ್ಸಲ್ ಬಟನ್ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಮೇಷ್ಟ್ರ ಫೋಟೋ 10.20ಕ್ಕೇ ಕೈಯಲ್ಲಿತ್ತು.

ಆದರೂ ನಾನು ಮಾಡಿದ್ದೇನು? ಡ್ಯಾಶ್‌ಬೋರ್ಡ್ ತೆಗೆದು ಪ್ರಿವ್ಯೂ ನೋಡಿದೆ. ಅಲ್ಲಿ ಸರಿಯಾಗಿತ್ತು. ಒಂದು ಪೀಸ್ ಮಾತ್ರ ಹಾಳಾಗಿರಬೇಕು ಅಂತ ನಂಬಿಬಿಟ್ಟೆ. ಮೇಷ್ಟ್ರಿಗೆ ‘ಸರ್, ಇನ್ನೊಂದು ಫೋಟೋ ಹತ್ತಿರದಿಂದ ಕಳಿಸ್ತೀರಾ?’ ಅಂತ ಬರೆದೆ. ಸಪೋರ್ಟ್ ಟಿಕೆಟ್ ಹಾಕಿದೆ. ಚಾಟ್‌ನಲ್ಲಿ ಬಾಟ್ ನನ್ನ ಆರ್ಡರ್ ಐಡಿ ಕೇಳಿತು, ಕೊಟ್ಟೆ, ಮತ್ತೆ ಅದನ್ನೇ ಕೇಳಿತು. ಪ್ರಿವ್ಯೂ ಮತ್ತೆ ತೆಗೆದೆ, ದೊಡ್ಡದು ಮಾಡಿದೆ, ಮೊಬೈಲಿನಲ್ಲೂ ನೋಡಿದೆ. ಎಲ್ಲ ಕಡೆ ಸರಿ. ಕಣ್ಣೆದುರು ಒಡೆದ ಅಕ್ಷರದ ಫೋಟೋ ಇದ್ದರೂ ನಾನು ಸ್ಕ್ರೀನನ್ನೇ ನಂಬಿದೆ.

10.41ಕ್ಕೆ ಮೈಸೂರಿನಿಂದ ಇನ್ನೊಂದು ಫೋಟೋ ಬಂತು. ಅದೇ ಒಂಟಿ ದೀರ್ಘ. ಕೈ ತಣ್ಣಗಾಯಿತು.

ಆಮೇಲೆ ಕ್ಯಾನ್ಸಲ್ ಮಾಡಲು ಕೂತೆ. ಒಟ್ಟಿಗೆ ಕ್ಯಾನ್ಸಲ್ ಮಾಡುವ ಸೌಲಭ್ಯ ಆ ಟೂಲ್‌ನಲ್ಲಿ ಇಲ್ಲ. ಆರ್ಡರ್ ತೆರೆ, ಕಾರಣ ಆರಿಸು, ಕನ್ಫರ್ಮ್ ಒತ್ತು, ಪೇಜ್ ಲೋಡ್ ಆಗಲಿ ಅಂತ ಕಾಯಿ. ಒಂದಕ್ಕೆ ಅರ್ಧ ನಿಮಿಷ, ಕೆಲವಕ್ಕೆ ಇನ್ನೂ ಜಾಸ್ತಿ. ಒಂದು ಕೈಯಲ್ಲಿ ಮೌಸ್, ಕಿವಿಯಲ್ಲಿ ಫೋನು. ಅವರ ಫ್ಲೋರ್ ಮ್ಯಾನೇಜರ್ ಸಿಕ್ಕರು. ನನಗೆ ಬರುವ ಅರೆಬರೆ ತಮಿಳಿನಲ್ಲಿ ‘ಅಣ್ಣಾ, ನಿಲ್ಲಿಸಿ, ಅಕ್ಷರ ತಪ್ಪಾಗಿದೆ’ ಅಂದೆ. ‘ಸಿಸ್ಟಮ್‌ನಲ್ಲಿ ಅಪ್ರೂವ್ಡ್ ಅಂತ ಇದೆಯಲ್ಲಮ್ಮಾ’ ಅಂದರು. ಅದು ನಿಜವೇ ಆಗಿತ್ತು. ಪಕ್ಕದ ಸೀಟಿನ ಹುಡುಗಿ ಗಟ್ಟಿಯಾಗಿ ಎಣಿಸುತ್ತಿದ್ದಳು. ‘ಇಪ್ಪತ್ತೆಂಟು… ಇಪ್ಪತ್ತೊಂಬತ್ತು…’ ಮೂವತ್ತು ಆಗುವಾಗ 11 ದಾಟಿತು. ಮೂವತ್ತೊಂದನೆಯದನ್ನು ತೆರೆದೆ. ಬಟನ್ ಬೂದಿ ಬಣ್ಣ.

ಆ ಹನ್ನೊಂದು ಶರ್ಟು ನಾನು ಫೋಟೋ ನಂಬದೆ ಕಳೆದ ಇಪ್ಪತ್ತೊಂದು ನಿಮಿಷದ ಲೆಕ್ಕ.

ಒಟ್ಟು 34 ಹಾಳು. ಒಂದಕ್ಕೆ ನಮಗೆ ಬೀಳುವುದು ₹390, ಅಂದ್ರೆ ₹13,260. ನೀವೇ ಅಪ್ರೂವ್ ಮಾಡಿದ್ದು ಅಂತ ಅವರು ರಿಫಂಡ್ ಕೊಡಲಿಲ್ಲ. ಆ ಮೊತ್ತಕ್ಕಿಂತ ಜಾಸ್ತಿ ನೋವಾದದ್ದು ಮೇಷ್ಟ್ರಿಗೆ ಫೋನ್ ಮಾಡುವಾಗ. ಅವರು ಬೈಯಲಿಲ್ಲ. ‘ಮೂವತ್ತು ವರ್ಷ ಮಕ್ಕಳಿಗೆ ಒತ್ತಕ್ಷರ ತಿದ್ದಿಸ್ದೋನು ನಾನು. ಇದನ್ನ ಹಾಕ್ಕೊಂಡು ಧ್ವಜ ಹಾರಿಸೋಕೆ ಹೋಗೋಕಾಗಲ್ಲಮ್ಮಾ’ ಅಂದರು. ಶುಕ್ರವಾರ ಸಂಜೆಯೊಳಗೆ ಅವರಿಗೆ ಸರಿಯಾದದ್ದು ತಲುಪಿಸಬೇಕಿತ್ತು. ಸುಲ್ತಾನ್‌ಪೇಟೆಯ ಹಳೆಯವರಲ್ಲಿಗೇ ಓಡಿದೆ. ಹಾಳಾದ 34, ಕ್ಯಾನ್ಸಲ್ ಮಾಡಿದ 30 ಸೇರಿ 64 ಪೀಸು, ನೂರಕ್ಕಿಂತ ಕಡಿಮೆ ಅಂತ ಅವರು ಒಂದು ಮಾತೂ ಆಡಲಿಲ್ಲ. ಫೈಲ್ ತೆಗೆದ ಕೂಡಲೇ ಅವರು ಕೇಳಿದ ಮೊದಲ ಪ್ರಶ್ನೆ, ‘ಕರ್ವ್ ಮಾಡಿದ್ದೀರಾ ಮೇಡಂ?’ ಅಕ್ಷರವನ್ನು ಗೆರೆಯಾಗಿಸದೆ ಅವರು ಫೈಲ್ ಮುಟ್ಟುವುದೇ ಇಲ್ಲ. ನುಡಿ, ಬರಹ ಫಾಂಟ್‌ಗಳ ಕಾಲದಿಂದ ಒತ್ತಕ್ಷರ ಒಡೆಯುವುದನ್ನು ಕಂಡವರು. ದಾವಣಗೆರೆಯ ಒಂದನ್ನು ಗುರುವಾರ ರಾತ್ರಿಯ ಬಸ್ಸಿಗೆ ಹಾಕಿದೆವು. ಮಿಕ್ಕವು ಹೋಗಿ ಮುಟ್ಟುವಷ್ಟರಲ್ಲಿ ಹಬ್ಬ ಕಳೆದಿತ್ತು, ಹನ್ನೆರಡು ಜನ ದುಡ್ಡು ವಾಪಸ್ ಕೇಳಿದರು.

ಡಿಸೈನರ್ ಊರಿಂದ ಬಂದವರು ಜೋರು ಮಾಡಲಿಲ್ಲ. ‘ನಂಗೊಂದು ಫೋನ್ ಮಾಡಬಾರದಿತ್ತಾ?’ ಅಷ್ಟೇ. ಅವರು ಡಿಸೈನ್ ಮಾಡುವ ಇಲ್ಲಸ್ಟ್ರೇಟರ್ ಸಾಫ್ಟ್‌ವೇರ್‌ನಲ್ಲೇ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಹಾಕದಿದ್ದರೆ ಕನ್ನಡ ಹೀಗೇ ಚೆಲ್ಲಾಪಿಲ್ಲಿಯಾಗುತ್ತದೆ ಅಂತ ತೋರಿಸಿಕೊಟ್ಟರು. ಐದು ವರ್ಷ ಅವರ ಪಕ್ಕದಲ್ಲೇ ಕೂತಿದ್ದೇನೆ, ಒಮ್ಮೆಯೂ ಕೇಳಿ ತಿಳಿದುಕೊಂಡಿರಲಿಲ್ಲ.

ಅದೇ ಸರ್ವಿಸನ್ನು ಈಗಲೂ ಬಳಸುತ್ತಿದ್ದೇವೆ. ಬಟ್ಟೆ ಒಳ್ಳೆಯದು, ಪ್ರಿಂಟ್ ನಿಲ್ಲುತ್ತದೆ. ಆದರೆ ಅವರ ಟೂಲ್‌ನಲ್ಲಿ ಒಂದಕ್ಷರವನ್ನೂ ಟೈಪ್ ಮಾಡುವುದಿಲ್ಲ. 300 ಡಿಪಿಐ ಪಿಎನ್‌ಜಿ ಮಾತ್ರ. ಹೊಸ ಡಿಸೈನಿಗೆ ಪ್ರೆಸ್‌ಗೆ ಹೋಗುವ ಫೈಲನ್ನೇ ಕೇಳಿ ತರಿಸಿಕೊಂಡು, ಆಫೀಸಿನಲ್ಲಿ ಇಬ್ಬರು ಬೆರಳಿಟ್ಟು ಓದುತ್ತೇವೆ. ಚುಕ್ಕಿ ಬದಲಾದರೂ ಹೊಸ ಸ್ಯಾಂಪಲ್ ಬೇಕು ಅಂತ ಸರ್‌ಗೆ ಮೇಲ್ ಹಾಕಿದ್ದೇನೆ. ತಿಂಗಳಿಗೆ ₹2,000 ಸ್ಯಾಂಪಲ್ ಖರ್ಚು ಕೇಳಿದರೆ ‘ನೋಡೋಣ’ ಅಂದಿದ್ದಾರೆ. ₹13,260 ಹೋದ ಮೇಲೂ ‘ನೋಡೋಣ’ ಅಂದ್ರೆ ಬೇಜಾರಾಗುತ್ತದೆ.

ಯುಗಾದಿಗೆ ಮಗ್ ತರುತ್ತಿದ್ದೇವೆ. ಅದರ ಮೇಲೆ ‘ಬೇವು ಬೆಲ್ಲ ಆಯ್ತಾ?’ ಅಂತ ಇರುತ್ತದೆ. ಈ ಸಲ ‘ಲ್ಲ’ ಕೂಡ ಇದೆ. ಸ್ಯಾಂಪಲ್ ನಿನ್ನೆ ಬಂತು, ನನ್ನ ಕೈಯಿಂದ ದುಡ್ಡು ಹಾಕಿ ತರಿಸಿದ್ದು. ಕವರ್ ಬಿಚ್ಚಿ ಮೊದಲು ಆ ಎರಡು ಒತ್ತುಗಳ ಮೇಲೆ ಬೆರಳಾಡಿಸಿದೆ. ಎರಡೂ ಕೆಳಗೇ ಇವೆ. ಫೋಟೋ ತೆಗೆದು ದಾವಣಗೆರೆಯ ಮೇಷ್ಟ್ರಿಗೆ ಕಳಿಸಿದ್ದೇನೆ. ಅವರು ನೋಡಿ ಹೇಳಿದ ಮೇಲೆ ಆರ್ಡರ್ ತೆರೆಯುವುದು.