ಕಲ್ಲಿಗೆ ಗ್ಯಾಸ್ ತುಂಬಿಸುವವರು

ನೆಲದೊಳಗೆ ಹೈಡ್ರೋಜನ್ ಕೂಡಿಡುತ್ತಾರೆ ಅಂತ ಮೊದಲ ಸಲ ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಒಂದು ದೊಡ್ಡ ಗುಹೆ. ಇಂಗ್ಲೆಂಡಿನ ಟೀಸೈಡ್‌ನಲ್ಲಿ 1970ರ ದಶಕದಿಂದಲೂ ಉಪ್ಪಿನ ಪದರದೊಳಗೆ ಪೊಳ್ಳು ಮಾಡಿ ಹಾಗೆ ಇಟ್ಟಿದ್ದಾರೆ, ನಿಜ. ಆದರೆ ಅಷ್ಟು ದಪ್ಪದ ಉಪ್ಪು ಎಲ್ಲ ಕಡೆ ಸಿಗಬೇಕಲ್ಲ! ಅದಕ್ಕೇ ಆಸ್ಟ್ರಿಯಾದವರು ಮರಳುಗಲ್ಲಿಗೆ ಕೈ ಹಾಕಿದ್ದು. ಅಲ್ಲಿ ಗುಹೆಯೂ ಇಲ್ಲ, ಟ್ಯಾಂಕೂ ಇಲ್ಲ. ಮರಳಿನ ಕಣಗಳ ನಡುವಿನ ಸಂದಿಯೇ ಉಗ್ರಾಣ.

ಜಾಗದ ಹೆಸರು ರೂಬೆನ್ಸ್‌ಡೋರ್ಫ್, ಗಾಂಪರ್ನ್ ಊರಿನ ಹತ್ತಿರ. ಹಿಂದೆ ನೈಸರ್ಗಿಕ ಅನಿಲ ತೆಗೆದು ಮುಗಿಸಿದ ಸಣ್ಣ ನಿಕ್ಷೇಪ, ಸುಮಾರು ಒಂದು ಕಿಲೋಮೀಟರ್ ಆಳ. ಆರ್‌ಎಜಿ ಅನ್ನುವ ಕಂಪನಿ 2023ರಲ್ಲಿ ಅದಕ್ಕೆ ಶುದ್ಧ ಹೈಡ್ರೋಜನ್ ತುಂಬಲು ಶುರು ಮಾಡಿತು. ಬೇಸಿಗೆಯಲ್ಲಿ ಮಿಕ್ಕಿದ ಸೋಲಾರ್ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡಿ ಕೆಳಗೆ ತಳ್ಳುವುದು, ಚಳಿಗಾಲದಲ್ಲಿ ಮೇಲಕ್ಕೆ ತೆಗೆಯುವುದು. ಹಿಡಿಸುವುದು 12 ಲಕ್ಷ ಘನ ಮೀಟರ್, ನಮ್ಮ ಲೆಕ್ಕದಲ್ಲಿ 42 ಲಕ್ಷ ಯೂನಿಟ್ ಶಕ್ತಿ. ತೂಕ ಹಾಕಿದರೆ ನೂರು ಟನ್ ಚಿಲ್ಲರೆ, ಅಷ್ಟೇ.

ಇಷ್ಟು ಸಣ್ಣ ಅಣು, ಸೋರಿ ಹೋಗಲ್ವಾ? ನನಗೂ ಇದೇ ಅನುಮಾನ ಇತ್ತು. ಒಣ ಬಟ್ಟೆಗೆ ಬಾಯಿಟ್ಟು ಊದಿ ನೋಡಿ, ಗಾಳಿ ಸಲೀಸಾಗಿ ಹೋಗುತ್ತದೆ, ಅದೇ ಬಟ್ಟೆ ಒದ್ದೆ ಮಾಡಿ ಊದಿದರೆ ಕೆನ್ನೆ ನೋಯುತ್ತದೆ. ಮರಳುಗಲ್ಲಿನ ಮೇಲೆ ಜೇಡಿ ಪದರ ಇರುತ್ತದೆ, ಅದರ ರಂಧ್ರಗಳು ತೀರಾ ಸಣ್ಣವು, ಅವುಗಳಲ್ಲಿ ನೀರು ಬಿಗಿಯಾಗಿ ಕೂತಿರುತ್ತದೆ. ಆ ನೀರನ್ನು ತಳ್ಳುವಷ್ಟು ಒತ್ತಡ ಹಾಕದಿದ್ದರೆ ಸಾಕು, ಗ್ಯಾಸ್ ಕೆಳಗೇ ಇರುತ್ತದೆ. ನಮ್ಮ ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಕಚ್ಚಾ ತೈಲ ಇಟ್ಟಿರುವ ಗುಹೆಗಳಿಗೂ ನೀರೇ ಕಾವಲು. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ಅಂತರ್ಜಲ ಒತ್ತಿಕೊಂಡು ನಿಂತಿರುವುದರಿಂದ ತೈಲ ಹೊರಗೆ ಹೋಗುವುದಿಲ್ಲ. ಆದರೆ ಅಲ್ಲಿ ಗಟ್ಟಿ ಬಂಡೆ ಕೊರೆದಿದ್ದಾರೆ, ಆಸ್ಟ್ರಿಯಾದ ಹಾಗೆ ಕಲ್ಲಿನ ರಂಧ್ರಗಳಿಗೆ ತುಂಬಿಸಿಲ್ಲ.

ಇನ್ನೊಂದು ತಕರಾರು ಇದೆ. ತುಂಬಿದ್ದೆಲ್ಲ ವಾಪಸ್ ಬರುವುದಿಲ್ಲ. ಒತ್ತಡ ಉಳಿಯಲು ಒಂದು ಪಾಲು ಗ್ಯಾಸ್ ಕೆಳಗೇ ಇರಬೇಕು, ಬ್ಯಾಂಕಿನ ಮಿನಿಮಮ್ ಬ್ಯಾಲೆನ್ಸ್ ಥರ.

ನನಗೆ ತುಂಬಾ ಇಷ್ಟವಾದದ್ದು ಮಾತ್ರ ಲೊಬೊಡಿಟ್ಸೆಯ ಕಥೆ. ಆಗಿನ ಚೆಕೊಸ್ಲೊವಾಕಿಯಾದಲ್ಲಿ ಕಲ್ಲಿದ್ದಲಿನಿಂದ ಮಾಡಿದ ಗ್ಯಾಸನ್ನು ನೀರಿರುವ ಕಲ್ಲಿನ ಪದರಕ್ಕೆ ತುಂಬುತ್ತಿದ್ದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೈಡ್ರೋಜನ್. ಕೆಲವು ತಿಂಗಳು ಬಿಟ್ಟು ತೆಗೆದು ನೋಡಿದರೆ ಹೈಡ್ರೋಜನ್ ಕಡಿಮೆ, ಮೀಥೇನ್ ಜಾಸ್ತಿ! ಯಾರೂ ಕದ್ದಿರಲಿಲ್ಲ. ಆ ಆಳದಲ್ಲಿ ಬದುಕಿದ್ದ ಸೂಕ್ಷ್ಮಜೀವಿಗಳು ಹೈಡ್ರೋಜನ್ ಜೊತೆ ಕಾರ್ಬನ್ ಡೈಆಕ್ಸೈಡ್ ತಿಂದು ಮೀಥೇನ್ ಬಿಟ್ಟಿದ್ದವು. ಹೈಡ್ರೋಜನ್ನಿನ ನಾಲ್ಕು ಅಣು ಕೊಟ್ಟರೆ ಮೀಥೇನಿನ ಒಂದು ಅಣು, ಶಕ್ತಿಯಲ್ಲೂ ಐದರಲ್ಲಿ ಒಂದು ಪಾಲು ಖೋತಾ. ಇನ್ನೊಂದು ಜಾತಿಯವು ಸಲ್ಫೇಟ್ ಸಿಕ್ಕರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಮಾಡುತ್ತವೆ, ಅದು ಪೈಪನ್ನೂ ತಿನ್ನುತ್ತದೆ.

ಆಸ್ಟ್ರಿಯಾದವರು ಈ ಜೀವಿಗಳನ್ನೇ ಕೆಲಸಕ್ಕೆ ಹಚ್ಚಿ, ಬೇಕೆಂದೇ ಮೀಥೇನ್ ಮಾಡಿಸಿಯೂ ನೋಡಿದ್ದಾರೆ. ಜಾಣತನವೇನೋ ಹೌದು, ಆದರೆ ಹೈಡ್ರೋಜನ್ನೇ ಬೇಕಾದವರಿಗೆ ಅದರಿಂದ ಏನು ಉಪಯೋಗ? ಅಂಥವರು ಹುಡುಕಬೇಕಾದದ್ದು ಈ ಜೀವಿಗಳಿಗೆ ಬದುಕಲು ಕಷ್ಟವಾಗುವಷ್ಟು ಬಿಸಿ ಇರುವ, ವಿಪರೀತ ಉಪ್ಪುನೀರಿರುವ ಕಲ್ಲನ್ನು.